ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ

2025ರ ನವೆಂಬರ್ 20ರಂದು ಪಾಟ್ನಾದ ಗಾಂಧಿ ಮೈದಾನದಲ್ಲಿ ನಿತೀಶ್ ಕುಮಾರ್ ಹತ್ತನೇ ಸಲ ಬಿಹಾರದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಪದ್ಧತಿ ನಿಮಗೆ ಗೊತ್ತೇ ಇದೆ: ರಾಜ್ಯಪಾಲರು ‘ನಾನು’ ಎಂದು ಎತ್ತಿಕೊಡಬೇಕು, ಮುಂದಿನದನ್ನು ಇವರು ಓದಬೇಕು. ಹತ್ತನೇ ಸಲಕ್ಕೂ ಎತ್ತಿಕೊಡಬೇಕೆ? ಅದೂ ‘ನಾನು’ ಅನ್ನುವ ಪದವನ್ನು?

ಆ ಒಕ್ಕಣೆ ಸಂವಿಧಾನದ ಮೂರನೇ ಅನುಸೂಚಿಯಲ್ಲಿದೆ. ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಲ್ಲರಿಗೂ ನ್ಯಾಯ ಒದಗಿಸುತ್ತೇನೆ ಎಂದು. ಉಳಿದವರು ಓದಿ ಮರೆತರು, ಇವರು ಅಕ್ಷರಶಃ ಪಾಲಿಸಿದರು. ಬಿಜೆಪಿ ಮೇಲೆ ರಾಗವಿಲ್ಲ, ಆರ್‌ಜೆಡಿ ಮೇಲೆ ದ್ವೇಷವಿಲ್ಲ. ಸರದಿಯಂತೆ ಎರಡರ ಜೊತೆಗೂ ಸರ್ಕಾರ ನಡೆಸಿದರು. ಪಕ್ಷಪಾತದ ಮಾತಂತೂ ಬೇಡವೇ ಬೇಡ. ಆರ್‌ಜೆಡಿ ನಾಯಕ ಲಾಲೂ ಪ್ರಸಾದ್ ಇವರನ್ನು ‘ಪಲ್ಟೂ ರಾಮ್’, ಅಂದರೆ ಮಗ್ಗುಲು ಬದಲಿಸುವವ, ಎಂದು ಕರೆದದ್ದು ಘೋರ ಅನ್ಯಾಯ. ಚಂದ್ರ ಹದಿನೈದು ದಿನಕ್ಕೊಮ್ಮೆ ಪಕ್ಷ ಬದಲಿಸುತ್ತಾನೆ; ಅವನನ್ನು ಬಿಟ್ಟು ಪಂಚಾಂಗ ಉಂಟೆ?

ಇವರು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಮೆಟ್ಟಿಲ ಬಳಿ ಟೂ-ವೇ ಸ್ವಿಚ್ ಇರುತ್ತದಲ್ಲ, ಕೆಳಗೊಂದು, ಮೇಲೊಂದು? ಎಲ್ಲಿಂದ ಒತ್ತಿದರೂ ಹತ್ತುವುದು ಅದೇ ಬಲ್ಬು. 2020ರ ವಿಧಾನಸಭೆಯ ವೈರಿಂಗ್ ಹೀಗಿತ್ತು: ಆರ್‌ಜೆಡಿ 75, ಬಿಜೆಪಿ 74, ಇವರ ಜೆಡಿಯು 43. ಬಹುಮತಕ್ಕೆ ಬೇಕಾದ್ದು 122. ಬಲ್ಬು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಒತ್ತುವ ಕ್ರಮವೂ ಅಚ್ಚುಕಟ್ಟು. 2024ರ ಜನವರಿ 28, ಭಾನುವಾರ. ಮೊದಲು ಸ್ವಂತ ಶಾಸಕರ ಸಭೆ, ‘ಎಲ್ಲ ತೀರ್ಮಾನ ನಾಯಕರಿಗೆ ಬಿಟ್ಟಿದ್ದು’. ಬೆಳಿಗ್ಗೆ ರಾಜಭವನಕ್ಕೆ ಹೋಗಿ ರಾಜೀನಾಮೆ. ಇದು ಮುಖ್ಯ, ಏಕೆಂದರೆ ಮುಖ್ಯಮಂತ್ರಿ ಬಿಟ್ಟರೆ ಇಡೀ ಸಂಪುಟವೇ ಹೋದಂತೆ. ಆರ್‌ಜೆಡಿಯ ಉಪಮುಖ್ಯಮಂತ್ರಿ ತೇಜಸ್ವಿಯವರನ್ನು ವಜಾ ಮಾಡುವ ಮುಜುಗರವೂ ಇಲ್ಲ. ಕಂಬಳಿ ಕೊಡವಿದರೆ ಮೇಲೆ ಕೂತವರೆಲ್ಲ ಕೆಳಗೆ, ಕಂಬಳಿ ಮಾತ್ರ ಅವರದೇ. ಆಮೇಲೆ ಹೊಸ ಮಿತ್ರರ ಬೆಂಬಲಪತ್ರ, ಸಂಜೆ ಅದೇ ರಾಜಭವನದಲ್ಲಿ ಒಂಬತ್ತನೇ ಪ್ರಮಾಣವಚನ. ಸತ್ತೇನೇ ಹೊರತು ಬಿಜೆಪಿ ಜೊತೆ ಹೋಗೆನು ಎಂದು ಅವರು ಹೇಳಿದ್ದು 2023ರ ಜನವರಿ 30ರಂದು. ವರ್ಷಾಬ್ದಿಗೆ ಎರಡು ದಿನ ಬಾಕಿಯಿತ್ತು. ನಿತೀಶರಿಗೆ ಬಿಜೆಪಿ ಬಾಗಿಲು ಶಾಶ್ವತವಾಗಿ ಮುಚ್ಚಿದೆ ಎಂದಿದ್ದ ಅಮಿತ್ ಶಾ ಚಿಲಕ ಹಾಕಲು ಮರೆತಿದ್ದರೋ ಏನೋ.

ಪಕ್ಷಾಂತರ ನಿಷೇಧ ಕಾಯ್ದೆ ಎಲ್ಲಿ ಹೋಯಿತು ಎಂದು ಕೇಳಬೇಡಿ. 1985ರಲ್ಲಿ ಬಂದ ಹತ್ತನೇ ಅನುಸೂಚಿ ಇರುವುದು ತಕ್ಕಡಿಯಿಂದ ಹಾರುವ ಕಪ್ಪೆಗಳಿಗೆ. ಒಬ್ಬ ಶಾಸಕ ಪಕ್ಷ ಬಿಟ್ಟರೆ, ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಕಪ್ಪೆಗಳ ಸಮೇತ ತಕ್ಕಡಿಯೇ ಎದ್ದು ಪಕ್ಕದಂಗಡಿಗೆ ಹೋದರೆ? ಅದಕ್ಕೆ ಕಲಮೇ ಇಲ್ಲ. ಅಷ್ಟೇ ಅಲ್ಲ, ಹೋಗಲು ಒಲ್ಲೆ ಎಂದ ಪ್ರಾಮಾಣಿಕ ಕಪ್ಪೆಯೇ ಅನರ್ಹ!

ಇದೇ ಮನುಷ್ಯ 1999ರಲ್ಲಿ ಗೈಸಾಲ್ ರೈಲು ದುರಂತವಾದಾಗ ನೈತಿಕ ಹೊಣೆ ಹೊತ್ತು ರೈಲ್ವೆ ಖಾತೆ ಬಿಟ್ಟಿದ್ದರು. ಆಗಿನ ರಾಜೀನಾಮೆ ಸಂಜೆಗೆ ವಾಪಸ್ ಬರುತ್ತಿರಲಿಲ್ಲ. ಹೈಸ್ಕೂಲು ಹುಡುಗಿಯರಿಗೆ ಸೈಕಲ್ ಕೊಟ್ಟವರು, ಪಂಚಾಯ್ತಿಯಲ್ಲಿ ಹೆಂಗಸರಿಗೆ ಅರ್ಧ ಪಾಲು ಕೊಟ್ಟವರು. ಹೊಟ್ಟೆ ಉರಿಯುವುದು ಅದಕ್ಕೇ. 2015ರಲ್ಲಿ ಬಿಜೆಪಿ ಬೇಡವೆಂದು ಇವರಿಗೆ ಓಟು ಹಾಕಿದವನಿಗೆ 2017ರಲ್ಲಿ ಬಿಜೆಪಿ ಸಿಕ್ಕಿತು. 2020ರಲ್ಲಿ ಆರ್‌ಜೆಡಿ ಬೇಡವೆಂದವನಿಗೆ 2022ರಲ್ಲಿ ಆರ್‌ಜೆಡಿ ಸಿಕ್ಕಿತು. ಬಿಸಿಲಲ್ಲಿ ಸಾಲು ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡವನನ್ನು ಒಂದು ಮಾತು ಕೇಳಿದವರಿಲ್ಲ. ತಮಾಷೆ ಸಾಕು, ಇದು ಮೋಸ.

ಗಂಗೆಯ ಮೇಲೆ ಸುಲ್ತಾನ್‌ಗಂಜ್–ಅಗುವಾನಿ ಘಾಟ್ ಸೇತುವೆ ಕಟ್ಟುತ್ತಿದ್ದಾರೆ, ಲೆಕ್ಕ 1,710 ಕೋಟಿ ರೂಪಾಯಿ. ಅದರ ಭಾಗಗಳು 2022ರ ಏಪ್ರಿಲಿನಲ್ಲಿ ಕುಸಿದಾಗ ಬಿಜೆಪಿ ಜೊತೆಗಿನ ಸರ್ಕಾರ. 2023ರ ಜೂನಿನಲ್ಲಿ ಕುಸಿದಾಗ ಆರ್‌ಜೆಡಿ ಜೊತೆಗಿನದು. 2024ರ ಆಗಸ್ಟಿನಲ್ಲಿ ಕುಸಿದಾಗ ಮತ್ತೆ ಬಿಜೆಪಿ. ಸೇತುವೆಗೂ ಪಕ್ಷಪಾತವಿಲ್ಲ. ಮುಖ್ಯಮಂತ್ರಿ ಮೂರೂ ಸಲ ಅವರೇ.