ಬೋರ್ಡ್ ಬದಲಾಗಿದೆ, ಅಡುಗೆಮನೆ ಅಲ್ಲ

ಕಾರವಾರದ ಕೋಡಿಬಾಗದ ಈ ಬಾರ್‌ಗೆ ಮೂರು ಸಲ ಮಾಲೀಕರು ಬದಲಾದರು, ಹಾಗಾಗಿ ಹಳೆಯದೇನೂ ಉಳಿದಿಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ. ಮೊದಲು, ಮಾಲೀಕರು ಯಾಕೆ ಬದಲಾದರು ಅನ್ನೋದನ್ನು ಹೇಳಬೇಕಿತ್ತು. ನಮ್ಮ ರಾಜ್ಯದಲ್ಲಿ 1992ರ ನಂತರ ಹೊಸ ಸಿಎಲ್-9 ಲೈಸೆನ್ಸ್, ಅಂದ್ರೆ ಬಾರ್ ನಡೆಸೋ ಲೈಸೆನ್ಸ್, ಕೊಡೋದನ್ನೇ ನಿಲ್ಲಿಸಿದ್ದರು. ಇಂಥ ಬಾರ್ ನಡೆಸಬೇಕು ಅಂದ್ರೆ ಇದ್ದವರಿಂದ ಲೈಸೆನ್ಸ್ ವರ್ಗ ಮಾಡಿಸಿಕೊಳ್ಳಬೇಕಿತ್ತು. ಮೇಲಿಂದ ಗೋವಾ ಪಕ್ಕದಲ್ಲೇ ಇದೆ ಅಲ್ವಾ, ಗಡಿಯ ಮಾಜಾಳಿ ದಾಟಿ ಗೋವಾದ ಪೋಳೆಂಗೆ ಹೋದರೆ ಅದೇ ಬಾಟಲಿ ಎಷ್ಟೋ ಕಡಿಮೆ ರೇಟಿಗೆ ಸಿಗುತ್ತದೆ. ಬರೀ ಕುಡಿಸಿ ಇಲ್ಲಿ ಬಾರ್ ಉಳಿಸೋದು ಕಷ್ಟ. 2016ರ ಡಿಸೆಂಬರ್‌ನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಎರಡನೇ ಮಾಲೀಕರು ಹೆದರಿಯೇ ಮಾರಿದ್ದು. ಆಮೇಲೆ ಊರೊಳಗಿನ ರಸ್ತೆಗಳಿಗೆ ವಿನಾಯಿತಿ ಸಿಕ್ಕಿತು, ಅಷ್ಟರಲ್ಲಿ ಅವರು ಕೈ ತೊಳೆದುಕೊಂಡಿದ್ದರು.

ಈ ಎಲ್ಲಾ ಗಲಾಟೆಯಲ್ಲೂ ಬದಲಾಗದವರು ಒಬ್ಬರಿದ್ದಾರೆ, ಅಡುಗೆಯ ಅಕ್ಕ. ಬಂಗಡೆಗೆ ಓರೆಯಾಗಿ ಗೀರು ಹಾಕಿ, ಕೆಂಪು ಮೆಣಸು ಮತ್ತು ಮುರುಗಲ ಹುಳಿ ಒಳಗೆಲ್ಲ ಹಚ್ಚಿ, ರವೆಯಲ್ಲಿ ಹೊರಳಿಸಿ ಕಬ್ಬಿಣದ ಕಾವಲಿ ಮೇಲೆ ಇಡುತ್ತಾರೆ. ಜನ ಬರೋದು ಅದಕ್ಕೇ. ಪ್ರತಿ ಹೊಸ ಮಾಲೀಕರೂ ಮೊದಲು ಅವರನ್ನೇ ಹೋಗಿ ಕೇಳಿಕೊಂಡಿದ್ದಾರೆ. ಮುಂದಿನ ಸಲ ಬಂದಾಗ ದಯವಿಟ್ಟು ಅವರನ್ನೂ ಮಾತಾಡಿಸಿ, ಮಧ್ಯಾಹ್ನ ಮೂರರ ಮೇಲೆ ಬಿಡುವಾಗಿರುತ್ತಾರೆ.