ಸತ್ತ ಪತಂಗದ ಊರು ಯಾವುದು ಸ್ವಾಮಿ?

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳ ಲೆವುವಾನಾ ಪತಂಗದ ಹೆಸರು ಎರಡು ಕಡೆ ಇದೆ. ಕೀಟ ನಿಯಂತ್ರಣದವರ ಪುಸ್ತಕದಲ್ಲಿ ಅದು ಭರ್ಜರಿ ಗೆಲುವು. ಅಳಿವಿನ ಲೆಕ್ಕ ಇಡುವ ಜಾಗತಿಕ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ನಿರ್ನಾಮವಾದ ಜೀವಿ. ಸಾವು ಒಂದೇ. ಒಂದು ಮನೆಯಲ್ಲಿ ಹೋಳಿಗೆ, ಪಕ್ಕದ ಮನೆಯಲ್ಲಿ ತಿಥಿ ವಡೆ.

ಪತಂಗ ಇದ್ದದ್ದು ಉಗುರಿನಷ್ಟು. ಬಿಸಿಲಿಗೆ ರೆಕ್ಕೆ ನೀಲಿಯಾಗಿ ಮಿಂಚುತ್ತಿತ್ತು. ಆದರೆ ಅದರ ಹುಳು ತೆಂಗಿನ ಗರಿಯನ್ನು ಅಡಿಯಿಂದ ಕೆರೆದು ತಿಂದರೆ ತೋಟಕ್ಕೆ ತೋಟವೇ ಬೆಂಕಿ ಬಿದ್ದ ಹಾಗೆ ಕಾಣುತ್ತಿತ್ತು. 1877ರ ಹೊತ್ತಿಗೆ ಫಿಜಿಯ ದೊಡ್ಡ ದ್ವೀಪ ವಿಟಿ ಲೆವುವಿನಲ್ಲಿ ಇದರ ಕಾಟ ಶುರು. ಫಿಜಿ ಬ್ರಿಟಿಷರ ಕೈಗೆ ಹೋಗಿ ಆಗ ಮೂರೇ ವರ್ಷ. ಕೊಬ್ಬರಿ ಹೋದರೆ ಏನೇನು ಹೋಗುತ್ತದೆ ಅಂತ ತೆಂಗಿಗೆ ಬೀಳುವ ಕಪ್ಪುತಲೆ ಹುಳು ಕಂಡ ತಿಪಟೂರಿನವರಿಗೆ ಹೇಳಬೇಕಾಗಿಲ್ಲ.

1925ರಲ್ಲಿ ಕೀಟತಜ್ಞ ಟೊಥಿಲ್ ಸಾಹೇಬರ ತಂಡ ಈ ಹುಳುವನ್ನು ಕೊಲ್ಲಲು ಮಲಯಾದಿಂದ (ಇಂದಿನ ಮಲೇಷ್ಯಾ) ಒಂದು ನೊಣ ತರಿಸಿತು. ಅದರ ಪ್ರಯಾಣ ನೋಡಬೇಕಿತ್ತು! ನೊಣದ ಸಂತಾನಕ್ಕೆಂದು ಹುಳು, ಹುಳುವಿನ ಊಟಕ್ಕೆಂದು ತೆಂಗಿನ ಸಸಿ, ಎಲ್ಲಾ ಹಡಗಿನಲ್ಲೇ. ಮದುವೆ ದಿಬ್ಬಣಕ್ಕೂ ಇಷ್ಟು ಉಪಚಾರ ಇರಲ್ಲ. ಬಂದಿಳಿದವು ಮುನ್ನೂರು ಚಿಲ್ಲರೆ. ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆದುಕೊಂಡು ಹೋಗಿ ಹುಳುವನ್ನೇ ಉಣ್ಣುತ್ತದೆ. ಕೆಲವೇ ತಿಂಗಳಲ್ಲಿ ಪತಂಗದ ಕಾಟ ನಿಂತಿತು. ತೆಂಗು ಉಳಿಯಿತು, ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಆಮೇಲಿನದು. ಒಂದು ಜೀವಜಾತಿಯನ್ನೇ ಮುಗಿಸಿದಿರಲ್ಲ ಅಂತ ಯಾರೋ ಕೇಳಿದರು. ಹಳೆಯ ವಾದ ಮತ್ತೆ ಎದ್ದಿತು: ಪತಂಗ ಫಿಜಿಯದ್ದೇ ಅಲ್ಲ, ಬೇರೆ ದ್ವೀಪದಿಂದ ಬಂದಿರಬೇಕು. ಅಲ್ಲೆಲ್ಲೋ ಈಗಲೂ ಹಾಯಾಗಿರಬಹುದು. ಅಂದರೆ ಸತ್ತವನು ಪಕ್ಕದೂರಿನವನು, ಆದ್ದರಿಂದ ಸತ್ತೇ ಇಲ್ಲ! ಇಂಥ ಮಹಜರು ನಮ್ಮ ಠಾಣೆಗಳಲ್ಲೂ ಬರೆಯಲಾರರು. ಆ ಬೇರೆ ದ್ವೀಪ ಯಾವುದು ಅಂತ ಮಾತ್ರ ಕೇಳಬೇಡಿ. ಅಲ್ಲಿ ಒಂದು ಪತಂಗವನ್ನೂ ಯಾರೂ ಹಿಡಿದು ತೋರಿಸಿಲ್ಲ.

ತಮಾಷೆ ನೋಡಿ. ನೊಣ ಮಲಯಾದ್ದು. ಸಾಹೇಬರು ಸಮುದ್ರ ದಾಟಿ ಬಂದವರು. ವಾಸಸ್ಥಳ ಪ್ರಮಾಣಪತ್ರ ಕೇಳಿದ್ದು ಪತಂಗವನ್ನು ಮಾತ್ರ. ಸತ್ತ ಮೇಲೂ ಬಿಟ್ಟಿಲ್ಲ.

ಮ್ಯೂಸಿಯಂ ಡ್ರಾಯರಿನಲ್ಲಿ ಅದು ಗುಂಡುಸೂಜಿ ಚುಚ್ಚಿಸಿಕೊಂಡು ಮಲಗಿದೆ. ಕೆಳಗಿನ ಚೀಟಿಯಲ್ಲಿ ಊರು: ಫಿಜಿ. ವಿಳಾಸದ ಪುರಾವೆಗೆ ಅದು ನಡೆಯಲ್ಲವಂತೆ.