ಹೆಣ್ಣಾಳು ಕೆಲಸ, ಗಂಡಾಳು ಕೆಲಸ: ಕೂಲಿ ಇಳಿಯುವುದು ಇದರಿಂದಲೇನಾ?

ಪರ: ಹೌದು, ಇದರಿಂದಲೇ

ಕೋಲಾರದ ಕಡೆ ಯಾವುದಾದರೂ ಟೊಮೆಟೊ ತೋಟಕ್ಕೆ ಬೆಳಿಗ್ಗೆ ಹೋಗಿ ನೋಡಿ. ಬಗ್ಗಿ ಹಣ್ಣು ಕೀಳುವವರು, ಆರಿಸುವವರು ಹೆಚ್ಚಾಗಿ ಹೆಂಗಸರು. 15 ಕೆಜಿ ಬಾಕ್ಸ್ ಹೊತ್ತು ಗಾಡಿಗೆ ಏರಿಸುವವರು ಗಂಡಸರು. ಸಂಜೆ ಗಂಡಾಳಿಗೆ ಜಾಸ್ತಿ ದುಡ್ಡು. ಕೇಳಿದರೆ ‘ಅದು ಭಾರದ ಕೆಲಸ’ ಎನ್ನುತ್ತಾರೆ. ಬಾಕ್ಸ್ ಭಾರವೇ, ಇಲ್ಲ ಎನ್ನುವುದಿಲ್ಲ. ದಿನವಿಡೀ ಬಗ್ಗಿದ ಸೊಂಟಕ್ಕೆ ಮಾತ್ರ ರೇಟು ಇಲ್ಲ.

ಕಾನೂನು ಇದೆಯಲ್ಲ ಎನ್ನಬಹುದು. 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು. ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಎರಡೂ ಹೇಳುವುದು ಒಂದೇ: ಒಂದೇ ಕೆಲಸಕ್ಕೆ, ಇಲ್ಲವೇ ಅದೇ ಬಗೆಯ ಕೆಲಸಕ್ಕೆ, ಒಂದೇ ಸಂಬಳ. ಸಿಕ್ಕು ಇರುವುದು ಇಲ್ಲೇ. ಕೀಳುವುದು ಬೇರೆ, ಹೊರುವುದು ಬೇರೆ ಅಂದುಬಿಟ್ಟರೆ ಮುಗೀತು, ಕಾನೂನು ಬೇಲಿ ಆಚೆಯೇ ನಿಲ್ಲುತ್ತದೆ.

ಅಂಗನವಾಡಿಯನ್ನೇ ತೆಗೆದುಕೊಳ್ಳಿ. 1975ರಲ್ಲಿ ಶುರುವಾದ ಯೋಜನೆ. ಪೂರಾ ಹೆಂಗಸರೇ. ಮಕ್ಕಳ ಊಟ, ತೂಕ, ಪಾಠ, ಮೇಲೊಂದಿಷ್ಟು ಸರ್ವೆ. ಕೊಡುವ ದುಡ್ಡಿಗೆ ಸಂಬಳ ಎಂಬ ಹೆಸರೂ ಇಲ್ಲ, ಗೌರವಧನ! ಗೌರವ ಇಟ್ಟುಕೊಂಡು ರೇಷನ್ ತರಲಾಗುತ್ತದೆಯೇ?

ವಿರೋಧ: ಕೆಲಸದ್ದಲ್ಲ, ಲೆಕ್ಕದ ತಪ್ಪು

ಅತಿಥಿ ಉಪನ್ಯಾಸಕರಿಗೂ ಕೊಡುವುದು ಗೌರವಧನವೇ. ಅವರಲ್ಲಿ ಗಂಡಸರೂ ಇದ್ದಾರೆ ಅಲ್ವಾ?

ಟೊಮೆಟೊಗೆ ಬರೋಣ. ಹೊರುವವನಿಗೆ ಹಲವು ಕಡೆ ಬಾಕ್ಸ್ ಲೆಕ್ಕ, ಕೀಳುವವಳಿಗೆ ದಿನದ ಲೆಕ್ಕ. ಅವನು ಚುರುಕಾದರೆ ಲಾಭ ಅವನಿಗೆ. ಅವಳು ಚುರುಕಾದರೆ ಲಾಭ ತೋಟದವನಿಗೆ. ಭತ್ತದ ನಾಟಿಯೂ ಹೆಂಗಸರದೇ ಕೆಲಸ. ಆದರೆ ಕೆರೆ ತುಂಬಿದ ವರ್ಷ ಗುಂಪು ಕಟ್ಟಿ ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದರೆ, ರೇಟು ಹೇಳುವವರು ಅವರೇ. ರೈತ ಚೌಕಾಸಿ ಮಾಡಿದರೆ ಪಕ್ಕದ ಗದ್ದೆಗೆ ಇಳಿಯುತ್ತಾರೆ.

ಇನ್ನು ಹೆಣ್ಣಾಳು ಕೆಲಸ, ಗಂಡಾಳು ಕೆಲಸ ಎನ್ನುವ ಈ ಬೇಲಿ ಮುರಿದರೆ ಏನಾಗುತ್ತದೆ ಎಂದು ರಾಗಿ ಹೊಲದಲ್ಲೇ ನೋಡಿದ್ದೇವೆ. ಕಳೆ ತೆಗೆಯುವುದು ಹೆಣ್ಣಾಳಿನ ಕೆಲಸವಾಗಿತ್ತು. ಕಳೆನಾಶಕ ಬಂತು, ಪಂಪು ಗಂಡಸಿನ ಬೆನ್ನೇರಿತು. ಅವಳ ಕೂಲಿ ಏರಲಿಲ್ಲ, ಕೆಲಸವೇ ಹೋಯಿತು. ಕೊಯ್ಲು ಯಂತ್ರದ ಸೀಟಿನಲ್ಲೂ ಅವಳನ್ನು ಕಂಡಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಗಳಲ್ಲಿ ಬಿಸಿನೀರಿನಲ್ಲಿರುವ ಗೂಡಿನಿಂದ ಎಳೆ ಹಿಡಿಯುವ ಬೆರಳುಗಳು ಹೆಚ್ಚಾಗಿ ಹೆಂಗಸರವು. ಆ ಕೈಚಳಕ ಒಂದೇ ದಿನದಲ್ಲಿ ಬರುವುದಲ್ಲ. ಸುಮ್ನೆ ಅದನ್ನು ಗಂಡಸರಿಗೂ ಹಂಚಿ ಎನ್ನುವುದಕ್ಕಿಂತ, ದಿನಗೂಲಿ ಇರುವ ಕಡೆ ನೂಲಿನ ತೂಕ, ಗುಣ ನೋಡಿ ಕೂಲಿ ಕೊಡಿ. ತೂಗುವಾಗ ಅವಳೂ ತಕ್ಕಡಿ ಮುಂದೆ ಇರಲಿ.